ಎಳ್ಳು ಬಿದ್ದ ಸದ್ದು

ನಮ್ಮೂರಲ್ಲಿ ಯಾರಿಗಾದರೂ ರಕ್ತದ ಕ್ಯಾನ್ಸರ್ ಬಂದರೆ ಅದು ಮೊದಲು ಗೊತ್ತಾಗುವುದು ಅವರ ಮನೆಯ ಪಾತ್ರೆಗಳಿಗೆ. ಕೈತಪ್ಪಿ ಬಿದ್ದ ಚೊಂಬು ಸದ್ದು ಮಾಡುವುದಿಲ್ಲ. ಒಗ್ಗರಣೆಯ ಸಾಸಿವೆ ಸಿಡಿಯುತ್ತದೆ, ಚಟಪಟ ಎನ್ನುವುದಿಲ್ಲ. ಆಮೇಲೆ ಬಾಗಿಲು ಮೂಕವಾಗುತ್ತದೆ, ಕೆಮ್ಮು ಮೂಕವಾಗುತ್ತದೆ, ಕೊನೆಗೆ ಮಾತು. ರೋಗಿಯ ಸುತ್ತ ಒಂದು ಮನೆಯಷ್ಟು ಅಗಲದ ಮೌನ ಕಟ್ಟಿಕೊಳ್ಳುತ್ತದೆ. ಅವರು ಎದ್ದು ಹೋದಲ್ಲಿಗೆ ಅದೂ ಎದ್ದು ಹೋಗುತ್ತದೆ. ಅಂಥ ಮನೆಯವರು ಕೆಲವೇ ದಿನಗಳಲ್ಲಿ ಕೈಸನ್ನೆಯಲ್ಲಿ ಜಗಳವಾಡುವುದನ್ನೂ ಕಲಿತುಬಿಡುತ್ತಾರೆ. ಊರಿನವರು ಇದನ್ನು ಮೂಕಬೇನೆ ಎಂದು ಕರೆಯುತ್ತಾರೆ. ಡಾಕ್ಟರ್ ವಾರಿಜಾ ಒಬ್ಬರೇ ಕೊನೆಯವರೆಗೂ ಲ್ಯುಕೇಮಿಯಾ ಎಂದರು.

ಕಾಯಿಲೆ ಬಂದ ಮನೆಯ ಬಾಗಿಲಿಗೆ ಒಂದು ಜಾಗಟೆ ಕಟ್ಟುವುದು ನಮ್ಮಲ್ಲಿ ಪದ್ಧತಿ. ಪಕ್ಕದ ಮನೆಯವರು ದಿನಾ ಬೆಳಿಗ್ಗೆ ಬಂದು ಕೋಲಿನಿಂದ ಅದನ್ನು ಬಾರಿಸಬೇಕು. ವಾರಗಟ್ಟಲೆ ಕೋಲು ಬೀಳುತ್ತದೆ, ಜಾಗಟೆ ಅದುರುತ್ತದೆ, ಏನೂ ಕೇಳಿಸುವುದಿಲ್ಲ. ಆಸ್ಪತ್ರೆಯ ಔಷಧ ಹಿಡಿದರೆ ಒಂದು ಬೆಳಿಗ್ಗೆ ಅದು ಢಣ್ ಎನ್ನುತ್ತದೆ. ಬಚ್ಚಲಲ್ಲಿದ್ದವರು ಒದ್ದೆ ಮೈಯಲ್ಲೇ, ಹಲ್ಲುಜ್ಜುತ್ತಿದ್ದವರು ಬಾಯಿ ತುಂಬ ನೊರೆಯಲ್ಲೇ ಬೀದಿಗೆ ಬಂದು ನಿಲ್ಲುತ್ತಾರೆ. ಒಳ್ಳೆಯ ದಿನ ನೋಡಿ ಜಾಗಟೆ ಇಳಿಸುತ್ತಾರೆ. ಬೀದಿಗೆಲ್ಲ ಹೋಳಿಗೆ ಊಟ. ಅಂದಿನಿಂದ ಔಷಧವೂ ನಿಲ್ಲಬೇಕು. ಸದ್ದು ಬಂದಮೇಲೂ ಔಷಧ ತಿನ್ನುವುದೆಂದರೆ ಎದ್ದು ಹೋದ ನೆಂಟನನ್ನು ಬಾಗಿಲವರೆಗೆ ಓಡಿ ಮತ್ತೆ ಕರೆದಂತೆ ಎಂದು ನಮ್ಮ ಹಿರಿಯರ ಮಾತು. ಒಮ್ಮೆ ಇಳಿಸಿದ ಜಾಗಟೆಯನ್ನು ಅದೇ ಬಾಗಿಲಿಗೆ ಇನ್ನೊಮ್ಮೆ ಕಟ್ಟುವುದಿಲ್ಲ.

ಮೌನ ಮರಳಿ ಬಂದರೆ? ಬರುತ್ತಿತ್ತು. ಬಹಳ ಮನೆಗಳಿಗೆ ಬರುತ್ತಿತ್ತು. ಆಗ ನೆರೆಯವರು ಬಂದು ಕೂರುತ್ತಿದ್ದರು, ಮನೆಯಾಕೆಯ ಕೈಯಿಂದ ಲೋಟ ಜಾರಿ ಸದ್ದಿಲ್ಲದೆ ಉರುಳುವುದನ್ನು ಕಣ್ಣಾರೆ ಕಾಣುತ್ತಿದ್ದರು. ಕಂಡೂ, ಕೇಳಿಸಿತು ಎಂದು ತಲೆಯಾಡಿಸಿ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ನಮ್ಮೂರಿನಷ್ಟು ಮರ್ಯಾದಸ್ಥರು ಬೇರೆಲ್ಲೂ ಇಲ್ಲ.

ವಾರಿಜಾ ಇನ್ನೂ ಓದುತ್ತಿದ್ದಾಗ ಬಳೆಗಾರ್ತಿ ಈರಮ್ಮನ ಜಾಗಟೆ ಊಟಕ್ಕೆ ಹೋಗಿದ್ದರಂತೆ. ಈರಮ್ಮ ಅಂದು ಎರಡೂ ಕೈತುಂಬ ಗಾಜಿನ ಬಳೆ ತೊಟ್ಟು ಸುಮ್ಮಸುಮ್ಮನೆ ಕೈಯಾಡಿಸಿ ಮಾತಾಡಿದ್ದಳು. ಮುಂದಿನ ಮಾವಿನ ಹೊತ್ತಿಗೆ ಅವಳ ಬುಟ್ಟಿಯ ಬಳೆಗಳು ಮತ್ತೆ ಮೂಕವಾದವು. ಹೆಂಗಸರು ಏನೂ ಆಗದವರಂತೆ ಕೈನೀಡಿ ತೊಡಿಸಿಕೊಂಡರು, ಎಷ್ಟು ಚೆನ್ನಾಗಿ ಘಲ್ಲೆನ್ನುತ್ತವೆ ಎಂದು ಹೊಗಳಿದರು. ಈರಮ್ಮ ಆ ಸಲ ಉಳಿಯಲಿಲ್ಲ. ನಾವು ಹೋಳಿಗೆ ತಿನ್ನುತ್ತ ಕೂತಿದ್ದಾಗ ಆ ಮೌನ ಎಲ್ಲಿ ಕೂತಿತ್ತು? ಇದೊಂದೇ ಪ್ರಶ್ನೆಗೆ ವಾರಿಜಾ ತಮ್ಮ ಇಡೀ ಆಯುಷ್ಯ ಕೊಟ್ಟರು. ಮದುವೆಯ ಮಾತು ಬಂದಾಗಲೂ ಅವರು ಪ್ರಯೋಗಾಲಯದ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿರುತ್ತಿದ್ದರೆಂದು ಅವರ ತಂಗಿ ನನಗೆ ಹೇಳಿದ್ದಾರೆ.

ನಾನು ಅವರಲ್ಲಿ ಕೆಲಸಕ್ಕೆ ಸೇರಿದ್ದು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ. ಸುಮ್ಮನೆ ಕೂರುವುದು ನನಗೆ ಮೊದಲಿಂದಲೂ ಹಿಡಿಸಿದ ಕೆಲಸ. ಜಾಗಟೆ ಕಟ್ಟಿದ ಮನೆಗಳ ಜಗಲಿಯಲ್ಲಿ ಕೂತು ಬರುವುದು ನನ್ನ ಚಾಳಿಯಾಗಿತ್ತು. ಅಲ್ಲಿ ನನ್ನ ತಲೆಯೊಳಗಿನ ಗದ್ದಲವೂ ಇಳಿಯುತ್ತಿತ್ತು. ಸಂದರ್ಶನದಲ್ಲಿ ವಾರಿಜಾ ಮೇಡಂ ಅಂಕಪಟ್ಟಿಯನ್ನು ತಿರುಗಿಸಿಯೂ ನೋಡಲಿಲ್ಲ. "ಕೇಳಿಸದೆ ಇದ್ದದ್ದನ್ನ ಕೇಳಿಸಲಿಲ್ಲ ಅಂತ ಎದುರಿಗಿರೋರ ಮುಖ ನೋಡ್ಕೊಂಡು ಹೇಳೋಕೆ ಬರುತ್ತಾ ನಿನಗೆ?" ಎಂದರು. ನಾನು ಯೋಚಿಸುತ್ತ ಉಳಿದೆ. ಉತ್ತರಕ್ಕೆ ಕಾಯದೆ, ನಾಳೆಯಿಂದ ಬಾ ಪದ್ಮರಾಜ ಎಂದರು.

ಅಷ್ಟರಲ್ಲಿ ಅವರ ಮೊದಲ ಅಧ್ಯಯನ ಮಣ್ಣುಪಾಲಾಗಿತ್ತು. ಜಾಗಟೆ ಊಟ ಮುಗಿದ ಮನೆಗಳಲ್ಲಿ ಲೋಟ, ಸೂಜಿ, ಸಾಸಿವೆ ಹೀಗೆ ಸಣ್ಣಸಣ್ಣದನ್ನು ಬೀಳಿಸಿ, ಕೇಳಿಸಿತೇ ಎಂದು ಅಕ್ಕಪಕ್ಕದವರನ್ನು ಕೇಳಿದ್ದರು. ಎಲ್ಲರೂ ಕೇಳಿಸಿತು ಎಂದಿದ್ದರು. ಒಂದು ಸಲ ಸೂಜಿ ಬೀಳಿಸುವುದನ್ನೇ ಮರೆತು ಕೇಳಿದರಂತೆ. ಆಗಲೂ ಕೇಳಿಸಿತು ಎಂಬ ಉತ್ತರವೇ. ಅಂದಿನಿಂದ ಅವರು ಊರಿನ ಒಳ್ಳೆಯತನವನ್ನು ಕಾಯಿಲೆಯಷ್ಟೇ ಎಚ್ಚರದಿಂದ ನೋಡತೊಡಗಿದರು. ಕೇಳುವವನನ್ನು ಪರದೆಯ ಹಿಂದೆ ಕೂರಿಸಿದರು. ಪರದೆಯ ಈಚೆ, ಚೌಕಾಬಾರ ಆಟಕ್ಕೆ ಮಾಡುವಂತೆ ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜವೊಂದನ್ನು ಎಸೆಯುವುದು. ಬಿಳಿ ಬಿದ್ದರೆ ಕಾಳು ಬೀಳಿಸುವುದು, ಕಪ್ಪು ಬಿದ್ದರೆ ಸುಮ್ಮನಿರುವುದು. ಆಚೆ ಇರುವವನು ಕೇಳಿಸಿದಾಗ ಮಾತ್ರ ಸ್ಟೂಲನ್ನು ಒಮ್ಮೆ ತಟ್ಟಬೇಕು. ಬೀಳದ ಕಾಳಿಗೆ ತಟ್ಟಿದವನ ಮಾತು ಲೆಕ್ಕಕ್ಕಿಲ್ಲ. ಊರಿನವರನ್ನೆಲ್ಲ ಕೂರಿಸಿ ನೋಡಿ ಸೋತು, ಕೊನೆಗೆ ಆ ಸ್ಟೂಲು ನನಗೆ ಬಂತು.

ಈ ಪರೀಕ್ಷೆಗೆ ಸಾಸಿವೆಯೂ ದಪ್ಪವಾಯಿತು. ಸಾಸಿವೆಯ ಸದ್ದು ಕೇಳಿಸಿದ ಮನೆಗಳಿಗೂ ಮೌನ ಮರಳಿತ್ತು. ಆಗ ಎಳ್ಳಿಗೆ ಬಂದೆವು. ಒಣಗಿದ ಮುತ್ತುಗದ ಎಲೆಯ ಮೇಲೆ ಗೇಣೆತ್ತರದಿಂದ ಒಂದೇ ಒಂದು ಎಳ್ಳು. ಮಧ್ಯಾಹ್ನ ಊರು ಊಟ ಮುಗಿಸಿ ಒರಗುವ ಹೊತ್ತಿನಲ್ಲಿ ಮಾತ್ರ ಅದು ಕೇಳಿಸುತ್ತಿತ್ತು. ರೋಗಿಗಳ ಮನೆಯವರು ನಮ್ಮ ಕೈಯ ಎಳ್ಳು ನೋಡಿ ಬೆಚ್ಚುತ್ತಿದ್ದರು. ಜೀವ ಇರುವಾಗಲೇ ಎಳ್ಳುನೀರು ಬಿಡಲು ಬಂದಿದ್ದೀರಾ ಎಂದು ಒಬ್ಬ ಮುದುಕಿ ನಮ್ಮನ್ನು ಹೊಸ್ತಿಲಿನಿಂದಲೇ ಅಟ್ಟಿದಳು. ಮರುದಿನದಿಂದ ಮೇಡಂ ಕರಿ ಎಳ್ಳು ಬಿಟ್ಟು ಬಿಳಿ ಎಳ್ಳು ತರಿಸಿದರು. ಎಳ್ಳಿನ ಸದ್ದು ನುಂಗಿಹೋದ ಮನೆಗಳಲ್ಲಿ ಹೆಚ್ಚಿನವಕ್ಕೆ ಬೇನೆ ಮರಳಿತು, ಕೇಳಿಸಿದ ಮನೆಗಳಲ್ಲಿ ಎಲ್ಲೋ ಒಂದಕ್ಕೆ. ಇಷ್ಟನ್ನು ತಿಳಿಯಲು ವರ್ಷಗಳೇ ಹಿಡಿದವು. ಹೊರಗಿನ ಊರುಗಳ ವಿಜ್ಞಾನಿಗಳಿಗೆ ಬರೆದರೆ, ನಮ್ಮಲ್ಲಿ ರೋಗಿಗಳ ಮನೆಯ ಪಾತ್ರೆಗಳು ಮೊದಲಿನಿಂದಲೂ ಸದ್ದು ಮಾಡುತ್ತವೆ, ನಿಮ್ಮ ಊರಿನ ಗಾಳಿಯನ್ನು ಪರೀಕ್ಷಿಸಿ ಎಂದು ಉತ್ತರ ಬಂತು. ಮೇಡಂ ನಕ್ಕು, ಪಾಪ, ಯಾವ ಸುಳಿವೂ ಇಲ್ಲದೆ ಅವರಿಗೆ ಎಷ್ಟು ಕಷ್ಟವೋ ಎಂದರು.

ಒಂದು ದಿನ ಅಂಥ ಮೂಕ ಮನೆಯಿಂದ ಬರುತ್ತ, ಅಲ್ಲಿ ಎಂಥ ಶಾಂತಿ ಇತ್ತು ಎಂದು ನಾನು ಬಾಯಿಬಿಟ್ಟೆ. ಮೇಡಂ ನಡೆಯುವುದನ್ನು ನಿಲ್ಲಿಸಲಿಲ್ಲ. "ನೀನು ಅದರೊಳಕ್ಕೆ ಹೋಗಿ ಬರ್ತೀಯ. ಬರೋಕಾಗದೆ ಇರೋರನ್ನ ಒಂದ್ಸಲ ಕೇಳು, ಎಂಥ ಶಾಂತಿ ಅಂತ" ಎಂದರು. ಅದಾದಮೇಲೆ ಜಗಲಿಗಳಲ್ಲಿ ಕೂರುವುದು ನನ್ನಿಂದ ಆಗಲಿಲ್ಲ.

ಬಸ್ ಕಂಡಕ್ಟರ್ ನಿಜಗುಣ ನಮ್ಮಲ್ಲಿಗೆ ಬಂದದ್ದು ಮೇಡಂ ನಿವೃತ್ತಿಗೆ ಕೆಲವೇ ವರ್ಷ ಇದ್ದಾಗ. ಅವನ ಬೇನೆ ಗೊತ್ತಾದದ್ದು ಶೀಟಿಯಿಂದ. ಊದಿದರೂ ಬಸ್ಸು ನಿಲ್ಲದೆ ಒಂದೊಂದೇ ಸ್ಟಾಪು ದಾಟಿ ಹೋಯಿತು. ಡ್ರೈವರಿಗೆ ಕಿವಿ ಹೋಗಿದೆ ಎಂದು ಅವನು ಬಾಯಿಗೆ ಬಂದಂತೆ ಬೈದ. ಬೈಗುಳವೂ ಯಾರಿಗೂ ಕೇಳಿಸಲಿಲ್ಲ. ಆ ಬಸ್ಸಿನಲ್ಲಿ ಅಷ್ಟು ದಿನ ಎಲ್ಲರೂ ಸುಖವಾಗಿ ನಿದ್ದೆ ಹೊಡೆಯುತ್ತಿದ್ದದ್ದು ಯಾಕೆಂದು ಜನಕ್ಕೆ ಆಮೇಲೆ ಹೊಳೆಯಿತಂತೆ. ಬೇನೆ ಜೋರಿನದು. ಬಲಿಯದ ರಕ್ತಕಣಗಳು ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಮುತ್ತಿಕೊಂಡಿದ್ದವು. ಬಿಟ್ಟಿದ್ದರೆ ವಾರಗಳ ಮಾತು. ಡ್ರಿಪ್ಪು ಹಾಕಿದರು, ಕೂದಲು ಉದುರಿತು, ಬಾಯೆಲ್ಲ ಹುಣ್ಣಾಯಿತು. ಮನೆಗೆ ಕರೆತಂದಮೇಲೂ ಅವನ ಹೆಂಡತಿ ಚೆನ್ನಾಜಿ ಗಂಜಿ ಕುಡಿಸುತ್ತ ಕೈಸನ್ನೆಯಲ್ಲೇ ಗದರುತ್ತಿದ್ದಳು. ಒಂದು ಬೆಳಿಗ್ಗೆ ಪಕ್ಕದ ಮನೆಯ ಮರಿಯಪ್ಪ ಎಂದಿನಂತೆ ನಿದ್ದೆಗಣ್ಣಲ್ಲಿ ಕೋಲು ಬೀಸಿದ, ಜಾಗಟೆ ಢಣ್ ಎಂದಿತು. ಅವನು ಕೋಲು ಬಿಸುಟು ಅಲ್ಲೇ ಕೂತು ಅತ್ತ.

ಮಜ್ಜೆಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಟ್ಟ ಕಣ ಒಂದೂ ಕಾಣಲಿಲ್ಲ. ಅದನ್ನು ಮೇಡಂ ನಂಬುತ್ತಿರಲಿಲ್ಲ. ಮೂಟೆ ಅಕ್ಕಿಯಲ್ಲಿ ಒಂದು ಎಳ್ಳು ಸೇರಿದ್ದರೆ, ಒಂದು ಹಿಡಿ ಅಕ್ಕಿ ತೆಗೆದು ಎಳ್ಳಿಲ್ಲ ಎನ್ನಬಹುದೇ ಎನ್ನುತ್ತಿದ್ದರು. ಜಾಗಟೆ ಊಟಕ್ಕೆ ದಿನ ಗೊತ್ತಾದ ಮಧ್ಯಾಹ್ನವೇ ಅವನನ್ನು ಪ್ರಯೋಗಾಲಯಕ್ಕೆ ಕರೆಸಿ ಪರೀಕ್ಷೆ ಇಟ್ಟೆವು. ನಾನು ಪರದೆಯ ಹಿಂದೆ ಕೂತೆ. ಕೂತೇ ಇದ್ದೆ. ಸ್ಟೂಲು ತಟ್ಟುವ ಕೆಲಸ ನನಗೆ ಬೀಳಲಿಲ್ಲ. ಹೊರಗೆ ಬಂದಾಗ ಎಲೆಯ ಮೇಲೆ ಎಳ್ಳುಗಳು ಚೆಲ್ಲಿದ್ದವು.

ಮರುದಿನ ಮಧ್ಯಾಹ್ನ ಊರು ಒರಗಿದ ಹೊತ್ತಿಗೆ ಮೇಡಂ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋದರು. ಇನ್ನೆರಡು ವರ್ಷ ಮಾತ್ರೆ ನುಂಗಬೇಕು, ಅಲ್ಲಿಯವರೆಗೆ ಜಾಗಟೆ ಇಳಿಸುವಂತಿಲ್ಲ ಎಂದು ನೇರವಾಗಿ ಹೇಳಿಬಿಟ್ಟರು. ಜಾಗಟೆ ಬಾಗಿಲಲ್ಲಿರುವ ತನಕ ಡಿಪೋದವರು ಬಸ್ಸು ಹತ್ತಿಸುವುದಿಲ್ಲ. ನಿಜಗುಣನಿಗೆ ಬಸ್ಸಿಲ್ಲದ ಬದುಕು ಬದುಕಲ್ಲ. ಔಷಧ ಬಿಟ್ಟರೆ ಅವನು ಉಳಿಯುವುದಿಲ್ಲ ಎಂಬುದು ನಮಗಿಬ್ಬರಿಗೆ ಗೊತ್ತಿತ್ತು. ಅವನಿಗೆ ಗೊತ್ತಿದ್ದದ್ದು ಜಾಗಟೆ ಢಣ್ ಎಂದಿದೆ ಎಂಬುದು.

"ಡಾಕ್ಟ್ರಮ್ಮ, ನಾನು ಶೀಟಿ ಊದಿದ್ರೆ ಡಿಪೋ ತನಕ ಕೇಳುತ್ತೆ. ನೀವು ನೋಡಿದ್ರೆ ಎಳ್ಳಿನ ಮಾತಾಡ್ತೀರಲ್ಲ" ಎಂದ ನಿಜಗುಣ. ಅವನ ತಲೆಯ ಮೇಲೆ ಹೊಸ ಕೂದಲು ಕೋಳಿಮರಿಯ ತುಪ್ಪಳದಂತೆ ಮೂಡಿತ್ತು.

ಚೆನ್ನಾಜಿ ಅಡುಗೆಮನೆಯಿಂದ ಬಂದಳು. "ಗಂಡ ಎದ್ದು ಕೂತು ಮೂರು ಹೊತ್ತು ಉಣ್ತಿರೋ ಮನೆಗೆ ಎಳ್ಳು ಹಿಡ್ಕೊಂಡು ಬಂದಿದೀರಲ್ಲ, ಓದಿರೋರು ಮಾಡೋ ಕೆಲಸವೇ ಇದು?"

"ಬಿಳಿ ಎಳ್ಳು ಕಣಮ್ಮ."

"ಬಿಳೀದಾದ್ರೇನು? ಎಳ್ಳು ಎಳ್ಳೇ."

ಮೇಡಂ ವಾದ ಮಾಡಲಿಲ್ಲ. ಪೊಟ್ಟಣ ಬಿಚ್ಚಿ, ಒಣ ಎಲೆಯೊಂದನ್ನು ಅದರ ಪಕ್ಕದಲ್ಲಿಟ್ಟು, ನೀನೇ ಹಾಕಿ ನೋಡು ಎಂದು ಕೈಕಟ್ಟಿ ಕೂತರು. ಚೆನ್ನಾಜಿ ಸಿಟ್ಟಿನಿಂದಲೇ ಒಂದು ಎಳ್ಳು ಚಿವುಟಿ ಎಲೆಯ ಮೇಲೆ ಬಿಟ್ಟಳು. ಇಷ್ಟು ಸಣ್ಣದು ಎಲ್ಲಾದರೂ ಕೇಳುತ್ತದೆಯೇ ಎಂದಳು. ಬೀದಿಗೆ ಹೋಗಿ ಹಾಕು ಎಂದರು ಮೇಡಂ. ಅವಳು ಎಲೆ ಹಿಡಿದು ಹೊಸ್ತಿಲು ದಾಟಿದಳು. ಎದುರು ಮನೆಯವರು ಕಿಟಕಿಗೆ ಬಂದರು. ಬೀದಿಯ ನಡುವೆ ಅವಳು ಎಲೆಯ ಮೇಲೆ ಕಿವಿ ಬಾಗಿಸಿ ನಿಂತದ್ದು, ಆಮೇಲೆ ಹಾಗೇ ನಿಂತುಬಿಟ್ಟದ್ದು ನಮಗೆ ಒಳಗಿಂದ ಕಂಡಿತು. ಒಳಗೆ ಬಂದು ಇನ್ನೊಂದು ಎಳ್ಳು ಬಿಟ್ಟಳು. ಮತ್ತೆ ಬೀದಿಗೆ ಹೋದಳು. ಮತ್ತೆ ಬಂದಳು. ಈ ಸಲ ಗಂಡನ ಮಗ್ಗುಲಲ್ಲೇ ಕೂತು, "ರೀ, ಒಂಚೂರು ಉಸಿರು ಬಿಗಿ ಹಿಡೀರಿ" ಎಂದಳು. ಅವನು ಹಿಡಿದ. ನಾವೂ ಹಿಡಿದೆವು. ಎಳ್ಳು ಬಿತ್ತು, ಎಲೆಯ ಮೇಲೆ ಒಂದಿಷ್ಟು ಹೊರಳಿತು. ಅವಳು ತಲೆ ಎತ್ತಲಿಲ್ಲ.

ಹೊರಗೆ ಸೈಕಲ್ಲಿನ ಗಂಟೆ, ಒಳಗೆ ಕೊಡಕ್ಕೆ ನೀರು ತೊಟ್ಟಿಕ್ಕುವುದು ಎಲ್ಲ ಕೇಳುತ್ತಿತ್ತು. ಕೊನೆಗೆ ನಿಜಗುಣ, "ಟಿಕೆಟ್ ಇಲ್ಲದೋನೊಬ್ಬ ಬಸ್ಸಲ್ಲೇ ಅವನೆ ಅಂತಾಯ್ತು" ಎಂದ. ಹೆಂಡತಿಯ ಕೈಯಿಂದ ಎಲೆ ತೆಗೆದು ಕೆಳಗಿಟ್ಟ. "ಸಿಕ್ಕೋ ತನಕ ರೈಟ್ ಹೇಳೋಂಗಿಲ್ಲ ಬಿಡಿ."

ಜಾಗಟೆ ಊಟ ನಿಂತುಹೋಯಿತು. ಬೀದಿಯವರ ಮುಖ ಸೊಟ್ಟಗಾಯಿತು. ಚೆನ್ನಾಜಿಗೇ ಗಂಡ ಗುಣವಾಗುವುದು ಬೇಕಿಲ್ಲ ಎಂದರು. ಬೆಲ್ಲ ತಂದಿಟ್ಟಿದ್ದ ಮರಿಯಪ್ಪ ಮೇಡಂ ಎದುರು ಬಂದರೆ ದಾರಿ ಬಿಟ್ಟು ನಡೆಯತೊಡಗಿದ. ಆದರೆ ಜಾಗಟೆ ಇರುವ ತನಕ ಬಾರಿಸುವುದು ಪದ್ಧತಿ. ಆ ಮುನಿಸಿನಲ್ಲೇ ಅವನು ಎರಡು ವರ್ಷ ಬಿಡದೆ ಬಾರಿಸಿದ. ಈಗ ಅದು ಗಟ್ಟಿಯಾಗಿ ಮೊಳಗುತ್ತಿತ್ತು, ಬೀದಿಗೆ ಬೀದಿಯೇ ಕೊಸರಾಡುತ್ತ ಏಳುತ್ತಿತ್ತು. ಆ ಬೀದಿಯ ಮಕ್ಕಳು ಶಾಲೆಗೆ ತಡವಾಗುವುದು ನಿಂತಿತೆಂದು ಮೇಷ್ಟ್ರು ಹೊಗಳಿದರಂತೆ. ನಿಜಗುಣನನ್ನು ಬಸ್ ನಿಲ್ದಾಣದ ಮೈಕಿಗೆ ಹಾಕಿದರು. ಮಾತ್ರೆ ನುಂಗಿ, ನಡುನಡುವೆ ಜ್ವರದಲ್ಲಿ ಮಲಗಿ, ಎದ್ದು ಬಂದು ಅವನು ಯಾವ ಬಸ್ಸು ಎಲ್ಲಿಗೆ ಎಂದು ಕೂಗುತ್ತಿದ್ದ. ಕೊನೆಗೊಮ್ಮೆ ಸುಮ್ಮನೆ ಶೀಟಿ ಊದುತ್ತಿದ್ದ. ಬರಬರುತ್ತ ಇನ್ನೂ ಕೆಲವು ಮನೆಗಳವರು ಸದ್ದು ಬಂದಮೇಲೂ ಜಾಗಟೆ ಇಳಿಸದೆ ಉಳಿಸಿಕೊಂಡರು. ಪಾಪ, ಎಳ್ಳಿಗೆ ಕಾಯುತ್ತಿದ್ದಾರೆ ಎನ್ನುವುದು ಊರಿನ ಮಾತಾಯಿತು.

ಎರಡು ವರ್ಷ ತುಂಬಿ ಮಾತ್ರೆ ಮುಗಿಯುವ ಹೊತ್ತಿಗೆ ಮೇಡಂ ನಿವೃತ್ತಿಯೂ ಬಂತು. ನಿಜಗುಣನ ಕೊನೆಯ ಪರೀಕ್ಷೆಗೆ ತಾವೇ ಪರದೆಯ ಹಿಂದೆ ಕೂರುವುದಾಗಿ ಹೇಳಿದರು. ಇಷ್ಟು ವರ್ಷ ಬೀಳಿಸಿದ್ದೇ ಆಯಿತು, ಒಮ್ಮೆಯಾದರೂ ಅಲ್ಲಿ ಕೂತು ಕೇಳಬೇಕು ಎಂದರು. ಅವರು ಎಂದೂ ಏನನ್ನೂ ತಮಗಾಗಿ ಬೇಕೆಂದವರಲ್ಲ. ನಾನು ಸ್ಟೂಲು ಒರೆಸಿ ಇಟ್ಟೆ.

ಊರು ಊಟ ಮುಗಿಸಿ ಒರಗಿತ್ತು. ನಿಜಗುಣ ಕುರ್ಚಿಯಲ್ಲಿ, ಚೆನ್ನಾಜಿ ಗೋಡೆಗೆ ಒರಗಿ. ನಾನು ಹುಣಸೆ ಬೀಜ ಎಸೆದೆ. ಬಿಳಿ. ಎಳ್ಳು ಬಿಟ್ಟೆ. ಅದು ಕೇಳಿಸಿತು. ಚೆನ್ನಾಜಿಯ ಕೈ ಬಾಯಿಗೆ ಹೋಯಿತು. ಪರದೆಯ ಆಚೆಯಿಂದ ತಟ್ಟಿದ ಸದ್ದು ಬರಲಿಲ್ಲ. ಮತ್ತೆ ಎಸೆದೆ, ಮತ್ತೆ ಬಿಟ್ಟೆ. ಇಲ್ಲ. ಎಲೆ ತುಂಬ ಎಳ್ಳಾಯಿತು. ಸ್ಟೂಲು ಒಮ್ಮೆಯೂ ಸದ್ದು ಮಾಡಲಿಲ್ಲ.

ಮೇಡಂ ಹೊರಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಒಂದೂ ಕೇಳಿಸಲಿಲ್ಲ, ಇನ್ನೂ ಇದೆ ಎಂದರು. ನಿಜಗುಣ ಕಿಟಕಿಯಾಚೆ ನೋಡತೊಡಗಿದ. ನನಗೆ ಕೇಳಿಸಿತಲ್ಲ ಎಂದಳು ಚೆನ್ನಾಜಿ. ನಿನಗೆ ಕೇಳಿಸಬೇಕು ಅಂತ ಆಸೆ ಇದೆ ಕಣಮ್ಮ ಎಂದು ಮೇಡಂ ಅವಳ ಭುಜ ಮುಟ್ಟಿದರು.

"ನನಗೂ ಕೇಳಿಸಿತು ಮೇಡಂ" ಎಂದೆ.

ಅವರು ನನ್ನ ಕಡೆ ತಿರುಗಿದರು. "ಪದ್ಮರಾಜ, ನೀನೂ ಮರ್ಯಾದಸ್ಥ ಆಗ್ಬಿಟ್ಯಾ?"

ಇಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ ಅತ್ಯಂತ ಕಠಿಣ ಮಾತು ಅದು. ಉತ್ತರ ಕೊಡುವ ದಾರಿ ಒಂದೇ ಇತ್ತು. ಬೀಜವನ್ನೂ ಪೊಟ್ಟಣವನ್ನೂ ಅವರ ಕೈಗಿಟ್ಟು ಪರದೆಯ ಹಿಂದೆ ಹೋಗಿ ಕೂತೆ. ಕಣ್ಣು ಮುಚ್ಚಿದೆ. ಅಲ್ಲಿ ಕೂತಾಗ ಹೊಳೆಯಿತು. ಈಚೆಗೆ ಅವರು ಪ್ರತಿಯೊಂದು ಮಾತಿಗೂ ಏನಂದೆ ಎನ್ನುತ್ತಿದ್ದರು. ನಾನು ಅದನ್ನು ಪ್ರಶ್ನೆ ಕೇಳುವವರ ಅಭ್ಯಾಸ ಎಂದುಕೊಂಡಿದ್ದೆ. ಎಲೆಯಿಂದ ಸದ್ದು ಬಂತು. ತಟ್ಟಿದೆ. ಆಮೇಲೆ ಏನೂ ಇಲ್ಲ, ಸುಮ್ಮನಿದ್ದೆ. ಮತ್ತೆ ಬಂತು, ತಟ್ಟಿದೆ. ಸದ್ದು ಬಂದಾಗಲೆಲ್ಲ ತಟ್ಟುತ್ತ ಹೋದೆ. ಸಾಕು ಎಂದು ಅವರು ಕರೆಯುವವರೆಗೆ.

ಹೊರಗೆ ಬಂದರೆ ಮೇಡಂ ಎಲೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದರು. ಬಿದ್ದದ್ದಕ್ಕೆಲ್ಲ ತಟ್ಟಿದ್ದೆ, ಬೀಳದ್ದಕ್ಕೆ ಒಮ್ಮೆಯೂ ತಟ್ಟಿರಲಿಲ್ಲ. ಆದರೂ ಅವರು ಇನ್ನೊಂದು ಎಳ್ಳನ್ನು ತಮ್ಮ ಕಿವಿಯ ಹತ್ತಿರವೇ ಎಲೆ ಹಿಡಿದು ಬಿಟ್ಟುಕೊಂಡರು. ನಮಗೆ ಮೂವರಿಗೂ ಕೇಳಿಸಿತು. ಮೂವರೂ ಅವರ ಮುಖ ನೋಡಿದೆವು.

"ಹಾಗಾದ್ರೆ ಈ ಮೌನ ನಿಜಗುಣನದ್ದಲ್ಲ" ಎಂದರು ಮೆಲ್ಲಗೆ. "ನಂದು. ವಯಸ್ಸಿಂದು."

ನಿಜಗುಣ ಜೇಬಿನಿಂದ ಶೀಟಿ ತೆಗೆದು ಅವರ ಪಕ್ಕದಲ್ಲೇ ನಿಂತು ಒಮ್ಮೆ ಊದಿದ. ಇದಾದರೂ ಕೇಳಿಸಿತಾ ಎಂದು ಕೇಳಿದ. ಅದು ಊರಿಗೇ ಕೇಳಿಸುತ್ತೆ ಹೋಗಪ್ಪ, ಜಾಗಟೆ ಇಳಿಸು ಎಂದರು ಮೇಡಂ. ಚೆನ್ನಾಜಿ ಅಳುತ್ತಲೇ ಬಗ್ಗಿ ನೆಲದ ಮೇಲೆ ಚೆಲ್ಲಿದ ಎಳ್ಳನ್ನೆಲ್ಲ ಒಂದೊಂದಾಗಿ ಸೆರಗಿಗೆ ಹೆಕ್ಕಿಕೊಂಡಳು.

ಊಟದ ದಿನ ಮರಿಯಪ್ಪ ಕೊನೆಯ ಸಲ ಬಾರಿಸಿ ಜಾಗಟೆ ಬಿಚ್ಚಿದ. ಕೈಗೆ ಕೆಲಸವಿಲ್ಲದಂತಾಗಿ ಅವನು ಸ್ವಲ್ಪ ಹೊತ್ತು ಅದನ್ನು ಎದೆಗವಚಿಕೊಂಡೇ ನಿಂತಿದ್ದ. ಆಮೇಲೆ ಮೇಡಂ ಎಲೆಗೆ ತಾನೇ ಹೋಳಿಗೆ ಬಡಿಸಿದ, ಮೇಲೆ ಸುರಿದ ತುಪ್ಪ ಎಲೆಯಿಂದಾಚೆ ಹರಿಯಿತು. ಹೋಳಿಗೆಯ ಪಕ್ಕದಲ್ಲಿ ಒಂದೊಂದು ಬಿಳಿ ಎಳ್ಳುಂಡೆಯೂ ಇತ್ತು. ಚೆನ್ನಾಜಿ ಯಾರ ಮಾತೂ ಕೇಳದೆ ಮಾಡಿದ್ದಳು. ಮೊದಲು ಕೈಹಾಕಲು ಹಿಂಜರಿದವರು ಆಮೇಲೆ ಎರಡೆರಡು ಕೇಳಿದರು. ಪಂಕ್ತಿಯಲ್ಲಿ ಗದ್ದಲವೋ ಗದ್ದಲ. ಮೇಡಂ ನನ್ನ ಕಡೆ ಬಾಗಿದರು.

"ಹೇಗಿರುತ್ತೋ ಅದು, ಎಳ್ಳು ಬಿದ್ದ ಸದ್ದು? ನಂಗೆ ಮರ್ತೇ ಹೋಗಿದೆ."

ಅಷ್ಟು ವರ್ಷ ಅದನ್ನು ಕೇಳುವುದೇ ನನ್ನ ಕೆಲಸವಾಗಿತ್ತು. ಹೇಗಿರುತ್ತದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿಕೊಂಡಿರಲಿಲ್ಲ. ಕೈಯ ತುತ್ತು ಆರುವವರೆಗೆ ಯೋಚಿಸಿದೆ. ಆಮೇಲೆ ಅವರ ಕಿವಿಯ ಹತ್ತಿರ ಹೋಗಿ, ಯಾರೋ ಏನೋ ಹೇಳಬೇಕೆಂದು ತುಟಿ ಬಿಡಿಸಿ, ಬೇಡವೆಂದು ಸುಮ್ಮನಾದ ಹಾಗೆ ಇರುತ್ತದೆ ಮೇಡಂ ಎಂದೆ.

ಅವರು ನನ್ನ ಕಡೆ ತಿರುಗಿ ಏನೋ ಹೇಳಬೇಕೆಂದು ತುಟಿ ಬಿಡಿಸಿದರು. ಆಮೇಲೆ ಸುಮ್ಮನಾಗಿ ಎಲೆಯ ಕಡೆ ಬಾಗಿದರು. ಅಷ್ಟು ಗದ್ದಲದಲ್ಲೂ ನನಗದು ಕೇಳಿಸಿತು.